ಇಂದಿನ ಧಮ್ಮ ಚಿಂತನೆ: ರಥದ ತೊಗಲು ಕಡಿದ ನಾಯಿ ಯಾವುದು?



ಕಳೆದ ತಿಂಗಳು ನನ್ನ ಐದನೇ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಕುಂಟುತ್ತ ಬಂದ. ಮೀನಖಂಡದಲ್ಲಿ ನಾಯಿಯ ಹಲ್ಲಿನ ಗುರುತು, ಅದರ ಮೇಲೆ ಸುಣ್ಣ, ಅರಿಶಿನ ಮೆತ್ತಿದ್ದರು. ಕೂಲಿ ತಪ್ಪುತ್ತದೆಂದು ಅವನ ಅವ್ವ ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ. ಅಂದೇ ನಾನು ಕರೆದುಕೊಂಡು ಹೋಗಿ ಮೊದಲ ಇಂಜೆಕ್ಷನ್ ಹಾಕಿಸಿದೆ.

ಆ ಸಂಜೆ ನಮ್ಮ ಕೇರಿಯ ಯುವಕರು ಬೀದಿನಾಯಿಗಳಿಗೆ ವಿಷ ಹಾಕುವ ಮಾತಾಡಿದರು. ನಾನೂ ಅಲ್ಲೇ ಕುಳಿತಿದ್ದೆ. ಮಗುವಿನ ಕಾಲು ಕಣ್ಣ ಮುಂದಿತ್ತು, ಬೇಡ ಎನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ನಾಲ್ಕು ನಾಯಿ ಸತ್ತಿದ್ದವು. ವಾರ ಕಳೆದ ಮೇಲೆ ಹುಡುಗ ಹೇಳಿದ: 'ಕಚ್ಚಿದ್ದು ಬೆಲ್ಟ್ ಇದ್ದ ನಾಯಿ, ಸರ್.' ಪಕ್ಕದ ಬಡಾವಣೆಯ ದೊಡ್ಡ ಮನೆಯದು. ಹೊತ್ತು ಮುಳುಗಿದ ಮೇಲೆ ಗೇಟು ತೆಗೆದು ಅದನ್ನು ಬೀದಿಗೆ ಬಿಡುತ್ತಾರೆ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲೇ ಇಲ್ಲ.

ಆಗ ನೆನಪಾದದ್ದು ಕುಕ್ಕುರ ಜಾತಕ. (ಜಾತಕವನ್ನು ಪೂರ್ವಜನ್ಮದ ಚರಿತ್ರೆ ಎಂದು ನಾನು ಓದುವುದಿಲ್ಲ, ಅದರೊಳಗಿನ ತರ್ಕಕ್ಕಾಗಿ ಓದುತ್ತೇನೆ.) ವಾರಾಣಸಿಯ ರಾಜನ ರಥ ರಾತ್ರಿ ಮಳೆಯಲ್ಲಿ ನೆನೆಯುತ್ತದೆ, ನಾಯಿಗಳು ಅದರ ತೊಗಲು ಕಡಿದು ತಿನ್ನುತ್ತವೆ. ಊರ ನಾಯಿಗಳು ಚರಂಡಿಯಿಂದ ನುಗ್ಗಿ ತಿಂದವು ಎಂದು ಆಳುಗಳು ದೂರುತ್ತಾರೆ. ಕಂಡ ನಾಯಿಗಳನ್ನೆಲ್ಲ ಕೊಲ್ಲಿ ಎಂದು ಅಪ್ಪಣೆಯಾಗುತ್ತದೆ. ಸುಡುಗಾಡಿನ ನಾಯಿಗಳ ನಾಯಕ ನೇರ ಅರಮನೆಗೇ ಬಂದು ಕೇಳುತ್ತದೆ: ತಿಂದದ್ದು ಯಾವ ನಾಯಿ ಎಂದು ಗೊತ್ತೇ? ಗೊತ್ತಿಲ್ಲ. ಎಲ್ಲವನ್ನೂ ಕೊಲ್ಲಿಸುತ್ತೀರಾ? ಇಲ್ಲ, ಅರಮನೆಯ ನಾಯಿಗಳನ್ನು ಬಿಟ್ಟು. ಹಾಗಿದ್ದರೆ ಇದು ನ್ಯಾಯವಲ್ಲ, ಬಲವಿಲ್ಲದವರ ಕೊಲೆ. ಬಳಿಕ ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ಹುಲ್ಲು ಅರೆದು ಕುಡಿಸಿದಾಗ ಅವು ತೊಗಲಿನ ಚೂರುಗಳನ್ನೇ ಕಕ್ಕುತ್ತವೆ.

ನಮ್ಮ ಕೇರಿಯಲ್ಲಿ ಆದದ್ದೂ ಇದೇ.

ಹಿರಿಯ ಉಪಾಸಕರೊಬ್ಬರು ಕೇಳಿದರು: 'ಮೇಷ್ಟ್ರೇ, ಮಹಾಡಿನ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. ನಮಗೇಕೆ ನಾಯಿಗಳ ಕರುಣೆ?' ಪ್ರಶ್ನೆ ಸಣ್ಣದಲ್ಲ. ಆದರೆ 1927ರಲ್ಲಿ ಬಾಬಾಸಾಹೇಬರು ಹೋರಾಡಿದ್ದು ಕೆರೆಗೆ ಕಾವಲು ಹಾಕಿದ ಮನುಷ್ಯರ ವಿರುದ್ಧ. ಅಹಿಂಸೆ ಬಗ್ಗೆ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿಂಗಡಿಸುತ್ತಾರೆ. ಹುಚ್ಚು ಹಿಡಿದ ನಾಯಿಯ ಮಾತು ಬೇರೆ. ಆ ನಾಲ್ಕು ನಾಯಿಗಳ ವಿಷಯದಲ್ಲಿ ನಮ್ಮಲ್ಲಿ ಇದ್ದದ್ದು ಇಚ್ಛೆ ಮಾತ್ರ.

ಲಾಭವಾದರೂ ಆಯಿತೇ? ಕೋಳಿ ಅಂಗಡಿಯ ಕಸ ಅಲ್ಲೇ ಬೀಳುತ್ತಿದೆ, ಈಗ ಮೂರು ಹೊಸ ನಾಯಿಗಳು ಬಂದಿವೆ. ಕಾರಣ ಉಳಿದರೆ ಕಾರ್ಯವೂ ಉಳಿಯುತ್ತದೆ, ಪಟಿಚ್ಚ ಸಮುಪ್ಪಾದದ ತರಗತಿಯಲ್ಲಿ ನಾವೇ ಓದಿದ್ದು. 2023ರ ಎಬಿಸಿ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಸಾಕಿದ ನಾಯಿಯ ಹೊಣೆ ಸಾಕಿದವರದೇ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯ ಹೆಂಗಸರಿಗೂ ಮಕ್ಕಳಿಗೂ ಓದಿ ಹೇಳಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಸೀಮೆಎಣ್ಣೆ ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಂದೆರಡು ದಿನ ತಡವಾಗಿದ್ದರೂ ಹೋಗಿ. ವೈದ್ಯರು ಬರೆದುಕೊಟ್ಟ ಅಷ್ಟೂ ಇಂಜೆಕ್ಷನ್ ಮುಗಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಬೆಳಕು ಹರಿಯುವ ಮುನ್ನ ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕರು ನಮ್ಮ ಮನೆಗಳಲ್ಲೇ ಇದ್ದಾರೆ.

ಹುಡುಗನ ಕೊನೆಯ ಇಂಜೆಕ್ಷನ್ ಸೋಮವಾರ. ಭಾನುವಾರ ವಂದನೆಯಾದ ಮೇಲೆ ಪಟ್ಟಣ ಪಂಚಾಯಿತಿಗೆ ಕೊಡುವ ಅರ್ಜಿಗೆ ಸಹಿ ಹಾಕೋಣ. ನಾಲ್ಕು ನಾಯಿ ಕೊಂದ ನಮಗೆ ಆ ದೊಡ್ಡ ಮನೆಯ ಗೇಟು ತಟ್ಟುವ ಧೈರ್ಯ ಇನ್ನೂ ಬಂದಿಲ್ಲ. ಅಂದು ಸಂಜೆ ನಾನು ಹೋಗುತ್ತೇನೆ, ಇಬ್ಬರಾದರೂ ಜೊತೆಗೆ ಬನ್ನಿ.

ಜೈ ಭೀಮ್.