ಜಿಲ್ಲೆಗಳನ್ನು ಅಭ್ಯಾಸ ಮಾಡುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಮಹಾರಾಷ್ಟ್ರದ, ಕೆಲವರು ಕರ್ನಾಟಕದ ಲೋಕಸೇವಾ ಪರೀಕ್ಷೆಗೆ ಓದುತ್ತಾರೆ. ಇಬ್ಬರಿಗೂ ಜಿಲ್ಲೆಗಳ ಪಾಠ ತಪ್ಪದು. ಬರಿಯ ಕಂಠಪಾಠ ಪರೀಕ್ಷೆಯ ದಿನ ಕೈಕೊಡುತ್ತದೆ. ಯಾವ ಜಿಲ್ಲೆ ಯಾವುದರಿಂದ, ಎಂದು ಬೇರೆಯಾಯಿತೆಂದು ತಿಳಿದರೆ ಪಟ್ಟಿ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಮನೆಯ ಬಾಗಿಲಿನಿಂದಲೇ ಆರಂಭಿಸೋಣ. ಬೇಲಾಪುರ ಥಾಣೆ ಜಿಲ್ಲೆಯದು. ಪನವೇಲಿನ ಕಡೆಗೆ ಮುಂದಿನ ನಿಲ್ದಾಣವಾದ ಖಾರಘರ ರಾಯಗಡ ಜಿಲ್ಲೆಯದು. ರಾಯಗಡಕ್ಕೆ 1981ರವರೆಗೆ ಕುಲಾಬಾ ಎಂದು ಹೆಸರು. ಅದೇ ವರ್ಷ ರತ್ನಾಗಿರಿಯಿಂದ ಸಿಂಧುದುರ್ಗ, 2014ರಲ್ಲಿ ಥಾಣೆಯಿಂದ ಪಾಲಘರ ಬೇರೆಯಾದವು. ಈ ಐದರೊಡನೆ ಮುಂಬಯಿ ನಗರ, ಉಪನಗರ ಸೇರಿದರೆ ಕೊಂಕಣ ವಿಭಾಗದ ಏಳು ಜಿಲ್ಲೆಗಳಾದವು. ವಿಭಾಗದ ಆಯುಕ್ತರ ಕಚೇರಿ ನಮ್ಮೂರ ಕೊಂಕಣ ಭವನದಲ್ಲೇ ಇದೆ.

ಕರ್ನಾಟಕಕ್ಕೂ ಇದೇ ಕ್ರಮ. 1956ರಲ್ಲಿ ಮುಂಬಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡಗಳು ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ. ಬಿಜಾಪುರದಿಂದ ಬಾಗಲಕೋಟೆ ಹುಟ್ಟಿದವು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಹಳೆಯ ಪುಸ್ತಕವನ್ನು ನಂಬಿ ಹಂಪಿಯು ಬಳ್ಳಾರಿ ಜಿಲ್ಲೆಯಲ್ಲಿದೆ ಎಂದು ಗುರುತಿಸಿದವರಿಗೆ ಅಂಕವೂ ಇಲ್ಲ, ಮೇಲೆ ಕಡಿತವೂ ಉಂಟು. ಒಂದು ಅಂಕಕ್ಕೆ ಒಂದು ವರುಷವೇ ಹೋದೀತು.

ಆದುದರಿಂದ ಯಾವ ಪುಸ್ತಕ ತೆರೆದರೂ ಮೊದಲು ಮುದ್ರಣದ ವರ್ಷ ನೋಡಿರಿ. ನಕ್ಷೆಯನ್ನು ಕೈಯಿಂದ ಬರೆದು, ತಾಯಿಜಿಲ್ಲೆಯಿಂದ ಹೊಸ ಜಿಲ್ಲೆಗೆ ಗೆರೆಯೆಳೆದು ಇಸವಿ ಹಾಕಿರಿ. ವಾರಕ್ಕೆ ಒಂದು ವಿಭಾಗ ಸಾಕು. ತಿದ್ದುಪಡಿಗಳನ್ನು ಮಾತ್ರ ನಿಮ್ಮ ವಹಿಯಲ್ಲಿ ಬರೆದುಕೊಳ್ಳಿರಿ. ವಾಚನಾಲಯದ ಪುಸ್ತಕದಲ್ಲಿ ಬೇಡ!