ಗೋವಿನಜೋಳಕ್ಕೆ ನೀರು: ಎಷ್ಟು, ಯಾವಾಗ?

ಮಳೆಗಾಲದಲ್ಲಿ ಚೌಪಾಟಿಯ ಗಾಡಿಗಳಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆ, ಉಪ್ಪು, ಖಾರ ಸವರಿ ಕೊಡುವ ಭುಟ್ಟಾವನ್ನು ನಾವೆಲ್ಲರೂ ತಿಂದಿದ್ದೇವೆ. ಕೆಲವು ತೆನೆಗಳು ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಬರಿದಾಗಿರುತ್ತವೆ. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ನಮ್ಮ ಬಯಲುಸೀಮೆಯಲ್ಲಿ ದೊಡ್ಡ ಕಾರಣ, ಹೂವಿನ ಕಾಲದಲ್ಲಿ ನೀರು ಸಿಗದಿರುವುದು. ಊರಿನ ಹೊಲದಲ್ಲಿ ಕೊಳವೆಬಾವಿ ತೋಡಿಸಲು ಇಲ್ಲಿಂದ ಹಣ ಕಳಿಸುವ ವಾಚಕ ಬಂಧುಗಳು ಈ ಸಂಗತಿಯನ್ನು ಅರಿತಿರುವುದು ಒಳ್ಳೆಯದು.

ಗೋವಿನಜೋಳವು, ಅಂದರೆ ಮೈಸೂರು ಕಡೆಯವರ ಮುಸುಕಿನ ಜೋಳವು, ಬಿತ್ತನೆಯಿಂದ ಕೊಯ್ಲಿನವರೆಗೆ ತಳಿ, ಹವೆಗಳಿಗೆ ತಕ್ಕಂತೆ ಸುಮಾರು 500ರಿಂದ 800 ಮಿಲಿಮೀಟರು ನೀರು ಬೇಡುತ್ತದೆ. ವಿಜಯಪುರ, ಗದಗದ ಕಡೆ ವರ್ಷವಿಡೀ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರು. ಅದರಲ್ಲಿಯೂ ಒಂದು ಪಾಲು ಹರಿದುಹೋಗುತ್ತದೆ. ಒಂದು ಎಕರೆಗೆ ಒಮ್ಮೆ 50 ಮಿಲಿಮೀಟರು ನೀರು ಹಾಯಿಸಿದರೆ ಎರಡು ಲಕ್ಷ ಲೀಟರು ಆಯಿತು. ನಮ್ಮ ಚಾಳುಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ಇಪ್ಪತ್ತು ಟ್ಯಾಂಕರು!

ಇಷ್ಟು ನೀರು ಎಲ್ಲರ ಬಾವಿಯಲ್ಲಿ ಎಲ್ಲಿಂದ ಬರಬೇಕು? ಆದುದರಿಂದ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ಮುಖ್ಯ. ಗಿಡದ ನೆತ್ತಿಯಲ್ಲಿ ಗಂಡು ಹೂವು, ನಡುವಿನ ತೆನೆಯಲ್ಲಿ ರೇಷ್ಮೆಯಂಥ ಎಳೆಗಳು. ಒಂದೊಂದು ಎಳೆಯೂ ಒಂದೊಂದು ಕಾಳಿನದು. ಮೇಲಿನ ಪರಾಗ ಎಳೆಗೆ ತಾಗಿದರೆ ಮಾತ್ರ ಕಾಳು ಕಟ್ಟುತ್ತದೆ. ನೀರು ಕಡಿಮೆಯಾದರೆ ಎಳೆಗಳು ತಡವಾಗಿ ಹೊರಬರುತ್ತವೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಆಮೇಲೆ ಕಾಲುವೆಯನ್ನೇ ತಿರುಗಿಸಿದರೂ ಕಟ್ಟದ ಕಾಳು ಕಟ್ಟದು. ಬಿಳಿಜೋಳ ತುಸು ಕಾಯಬಲ್ಲದು, ಇದು ಕಾಯದು. ಅಮೆರಿಕದಲ್ಲಿ 1953ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ಕಾಲದಲ್ಲಿ ಒಂದೆರಡು ದಿನ ಗಿಡ ಬಾಡಿದ್ದಕ್ಕೆ ಇಳುವರಿ ಐದನೆಯ ಒಂದು ಪಾಲಿನಷ್ಟು ತಗ್ಗಿತು; ಆರೆಂಟು ದಿನ ಬಾಡಿದ್ದಕ್ಕೆ ಅರ್ಧಕ್ಕೆ ಇಳಿಯಿತು.

ಎರಡೇ ನೀರು ಕೊಡಲು ಸಾಧ್ಯವಿದ್ದರೆ ಒಂದನ್ನು ಹೂವಿಗೆ, ಇನ್ನೊಂದನ್ನು ಕಾಳು ಹಾಲುಗಟ್ಟುವಾಗ ಕೊಡಬೇಕು. ಸಾಲು ಬಿಟ್ಟು ಸಾಲಿಗೆ ಹಾಯಿಸಿದರೆ ನೀರು ಇನ್ನೂ ಉಳಿಯುತ್ತದೆ. ನೀರು ಹೆಚ್ಚಾಗಿರುವವರೂ ಎಚ್ಚರದಿಂದಿರಬೇಕು: ಎಳೆಯ ಪೈರಿನ ಬುಡದಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಗಿಡ ಹಳದಿಯಾಗುತ್ತದೆ, ಎರೆಭೂಮಿಯಾದರೆ ಕ್ರಮೇಣ ಸವಳೂ ಏಳುತ್ತದೆ.

ಊರಿಗೆ ಮಾತನಾಡುವಾಗ ಬಿತ್ತಿದ ತಾರೀಖನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿರಿ. ಹೂವು ಬರುವುದು ಸಾಮಾನ್ಯವಾಗಿ ಐವತ್ತರಿಂದ ಅರವತ್ತು ದಿನಗಳಿಗೆ. ಮೋಟಾರಿನ ರಿಪೇರಿಗೆ ಹಣ ಕಳಿಸುವುದಿದ್ದರೆ ಅದಕ್ಕೆ ಹದಿನೈದು ದಿನ ಮೊದಲೇ ಕಳಿಸಿರಿ.