ಬೆಕ್ಕಿನ ಮಧುಮೇಹ: ಇನ್ಸುಲಿನ್ ನೀಡುವಲ್ಲಿ ಇರಬೇಕಾದ ಎಚ್ಚರ

ಮಧುಮೇಹವು ಮನುಷ್ಯರಿಗಷ್ಟೇ ಬರುವ ವ್ಯಾಧಿಯಲ್ಲ. ಮನೆಯಲ್ಲಿ ಸಾಕಿದ ಬೆಕ್ಕನ್ನೂ ಅದು ಕಾಡುತ್ತದೆ. ನಡುವಯಸ್ಸು ದಾಟಿದ, ಬೊಜ್ಜು ಬೆಳೆದ, ಓಡಾಟ ಕಡಿಮೆಯಾದ ಬೆಕ್ಕುಗಳಲ್ಲಿ ಇದು ಹೆಚ್ಚು. ಅತಿಯಾದ ಬಾಯಾರಿಕೆ, ಬಹುಮೂತ್ರ, ಚೆನ್ನಾಗಿ ತಿಂದರೂ ಸೊರಗುವುದು ಇದರ ಮುಖ್ಯ ಲಕ್ಷಣಗಳು. ಇವು ಕಂಡೊಡನೆ ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು.

ಸಾಮಾನ್ಯವಾಗಿ 12 ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಬಾರಿ ಚರ್ಮದ ಕೆಳಗೆ ಇನ್ಸುಲಿನ್ ಚುಚ್ಚಲಾಗುತ್ತದೆ. ಬಳಿಕ ರಕ್ತದ ಸಕ್ಕರೆ ಮೆಲ್ಲನೆ ಇಳಿದು, ಮಧ್ಯಾವಧಿಯ ಸುಮಾರಿಗೆ ಅತಿ ಕೆಳಮಟ್ಟ ಮುಟ್ಟಿ, ಮತ್ತೆ ಏರುತ್ತದೆ. ಆದ್ದರಿಂದ ಒಂದೇ ಅಳತೆಯಿಂದ ನಿಜಸ್ಥಿತಿ ತಿಳಿಯದು. ಅಲ್ಲದೆ ಆಸ್ಪತ್ರೆಯ ಗಾಬರಿಯಿಂದಲೇ ಬೆಕ್ಕಿನ ಸಕ್ಕರೆ ಏರುವುದುಂಟು. ವೈದ್ಯರಿಂದ ಕಲಿತು, ಕಿವಿಯಂಚಿನ ಒಂದು ಹನಿ ರಕ್ತದಿಂದ ಮನೆಯಲ್ಲೇ ಎರಡು ಗಂಟೆಗೊಮ್ಮೆ ಅಳೆದು ಬರೆದಿಟ್ಟ ಲೆಕ್ಕವು ಹೆಚ್ಚು ವಿಶ್ವಾಸಾರ್ಹ.

ಸಕ್ಕರೆ ಏರಿದೆಯೆಂದು ಮನೆಯವರೇ ಔಷಧಿಯ ಪ್ರಮಾಣವನ್ನು ಹೆಚ್ಚಿಸಬಾರದು. ಏರಿದ ಸಕ್ಕರೆ ದಿನಗಳಲ್ಲಿ ಹಾನಿ ಮಾಡಿದರೆ, ಕುಸಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಬೆಕ್ಕು ಆಹಾರ ಮುಟ್ಟದಿದ್ದರೆ, ವೈದ್ಯರನ್ನು ಕೇಳಿಯೇ ಚುಚ್ಚುಮದ್ದು ನೀಡಬೇಕು. ಔಷಧಿ ಚರ್ಮದೊಳಗೆ ಹೋಯಿತೋ ಇಲ್ಲವೋ ಎಂಬ ಸಂದೇಹ ಬಂದರೂ ಮತ್ತೊಮ್ಮೆ ಚುಚ್ಚಕೂಡದು.

ಸಿರಿಂಜಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಬಗೆಯ ಇನ್ಸುಲಿನ್ ದೊರೆಯುತ್ತವೆ. ಪ್ರತಿಯೊಂದಕ್ಕೂ ಬೇರೆಯದೇ ಸಿರಿಂಜ್ ಇದೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ದೇಹ ಸೇರುತ್ತದೆ.

ನಿಶ್ಶಕ್ತಿ, ತೂರಾಟ, ನಡುಕ, ಸೆಳೆತ ಇವು ಸಕ್ಕರೆ ಕುಸಿದ ಸೂಚನೆಗಳು. ಬೆಕ್ಕು ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಆಹಾರ ಕೊಡಿ. ಇಲ್ಲವಾದರೆ ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ ವೈದ್ಯರಲ್ಲಿಗೆ ಒಯ್ಯಿರಿ. ಪ್ರಜ್ಞೆ ತಪ್ಪಿದ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಬಾರದು. ಅದು ಶ್ವಾಸನಾಳಕ್ಕಿಳಿಯುವ ಭಯವಿದೆ.

ಇನ್ನು ಆಹಾರದ ಮಾತು. ಬೆಕ್ಕು ಪ್ರಕೃತಿಯಿಂದಲೇ ಮಾಂಸಾಹಾರಿ. ನಾವು ಪ್ರೀತಿಯಿಂದ ಇಡುವ ಹಾಲು ಅನ್ನ ಅದರ ಸಕ್ಕರೆಯನ್ನು ಏರಿಸುತ್ತದೆ. ಪಿಷ್ಟ ಕಡಿಮೆಯಿರುವ, ಪ್ರೋಟೀನ್ ಹೆಚ್ಚಿರುವ ಬೆಕ್ಕಿನ ಆಹಾರವೇ ಅದಕ್ಕೆ ಹಿತ. ಆದರೆ ಆಹಾರ ಬದಲಾದಾಗ ಇನ್ಸುಲಿನ್ ಅಗತ್ಯವೂ ತಗ್ಗಬಹುದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಆರಂಭದಲ್ಲೇ ಕ್ರಮಬದ್ಧ ಚಿಕಿತ್ಸೆ ದೊರೆತ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಬಾಳುವಷ್ಟು ಚೇತರಿಸಿಕೊಳ್ಳುತ್ತವೆ. ತನ್ನ ನೋವನ್ನು ಹೇಳಲಾರದ ಜೀವಕ್ಕೆ ನಮ್ಮ ಸಮಯಪಾಲನೆ ಮತ್ತು ತಾಳ್ಮೆಯೇ ಅರ್ಧ ಔಷಧಿ.